ಅತ್ತಿಗೆಯ ಲೆಕ್ಕದ ಪುಸ್ತಕ

ಹಾಸನದ ನಮ್ಮ ತವರುಮನೆಯ ಪೋರ್ಟಿಕೋದಲ್ಲಿ, ಸಿಮೆಂಟು ನೆಲದ ಮೇಲೆ ಅಂಗೈಯಗಲದ ಒಂದು ಕಪ್ಪು ಕಲೆಯಿತ್ತು. ಅಮ್ಮ ಪ್ರತಿ ಗುರುವಾರ ಸಂಜೆ ಬೂದಿ, ಸೋಪಿನ ಪುಡಿ, ನಿಂಬೆ ಸಿಪ್ಪೆ ಎಲ್ಲ ಹಾಕಿ ಅದನ್ನು ತಿಕ್ಕುತ್ತಿದ್ದಳು. ಶುಕ್ರವಾರದ ರಂಗೋಲಿ ಬಿದ್ದ ಮೇಲೆ ಅಪ್ಪ ಕೋರ್ಟಿನಿಂದ ಬಂದು ಅದೇ ಜಾಗದಲ್ಲಿ ಅಂಬಾಸಿಡರ್ ನಿಲ್ಲಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಕಲೆ ಮತ್ತೆ ಹಾಜರು. ಕೊನೆಗೆ ಅಮ್ಮ ಸೋತು ಒಂದು ಹಳೆಯ ತಗಡಿನ ತಟ್ಟೆಯಲ್ಲಿ ಮರಳು ತುಂಬಿ ಕಾರಿನ ಹೊಟ್ಟೆಯ ಕೆಳಗೆ ಇಡತೊಡಗಿದಳು. ನಾವು ಮಕ್ಕಳು ಅದನ್ನು 'ಕಾರಿನ ಪೀಕದಾನಿ' ಎನ್ನುತ್ತಿದ್ದೆವು.

1991ರ ಸೆಪ್ಟೆಂಬರಿನಲ್ಲಿ ನಾನು ಇಂಗ್ಲೆಂಡಿನ ಡಾನ್‌ಕಾಸ್ಟರಿನಲ್ಲಿರುವ ಅಣ್ಣನ ಮನೆಗೆ ಮೊದಲ ಸಲ ಹೋದೆ. ನಮ್ಮವರಿಗೆ ಹತ್ತಿರದ ಷೆಫೀಲ್ಡಿನಲ್ಲಿ ಮೂರು ತಿಂಗಳ ತರಬೇತಿಯಿತ್ತು. ಮನೆ ತೋರಿಸುತ್ತಾ ಅಣ್ಣ ಹಿಂದಿನ ಗ್ಯಾರೇಜಿನ ಬಾಗಿಲೆತ್ತಿದ. ಒಳಗೆ ಕೆಂಪು ಬಣ್ಣದ, ಮೊಣಕಾಲೆತ್ತರದ ಒಂದು ಕಾರು. ಮೇಲೆ ಬಟ್ಟೆಯ ಚಾವಣಿ, ಸೈಕಲ್ಲಿನ ಹಾಗೆ ಕಡ್ಡಿಗಳ ಚಕ್ರ. ನನ್ನ ಕಣ್ಣು ಹೋದದ್ದು ಅದರ ಕೆಳಗಿದ್ದ ಬೇಕಿಂಗ್ ಟ್ರೇಯ ಮೇಲೆ. ಟ್ರೇಯಲ್ಲಿ ಮರದ ಹೊಟ್ಟು, ಹೊಟ್ಟಿನ ಮಧ್ಯೆ ಅದೇ ಅಂಗೈಯಗಲದ ಕಪ್ಪು ಕಲೆ!

"ಗುರುತು ಸಿಕ್ಕಿತೇನೇ? ಇದು ನಮ್ಮ ಅಂಬಾಸಿಡರಿನ ತಂಗಿ" ಎಂದ ಅಣ್ಣ.

ತಮಾಷೆಗೆ ಹೇಳಿದ ಎಂದುಕೊಂಡಿದ್ದೆ. ನಿಜವೇ ಆಗಿತ್ತು. 1950ರ ದಶಕದಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನವರು ತಮ್ಮ ಮಧ್ಯಮ ಗಾತ್ರದ ಕಾರುಗಳಿಗೆಲ್ಲ 'ಬಿ ಸೀರೀಸ್' ಎಂಬ ಒಂದೇ ಎಂಜಿನ್ನಿನ ವಂಶವನ್ನು ಬಳಸಿದರು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚುಗಳು ಕಲ್ಕತ್ತೆಯ ಬಳಿಯ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆಯಿತಲ್ಲ, ಅದಕ್ಕೆ 1959ರ ಹೊತ್ತಿಗೆ ಈ ವಂಶದ 1489 ಸಿಸಿ ಎಂಜಿನ್ ಬಂತು. ಅದೇ 1489 ಸಿಸಿ ಎಂಜಿನ್ನನ್ನು 1955ರಲ್ಲೇ ಅಬಿಂಗ್ಡನ್ ಊರಿನ ಎಂಜಿ ಕಾರ್ಖಾನೆಯವರು ತಮ್ಮ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನೊಳಗೆ ಇಟ್ಟಿದ್ದರು. 1962ರಲ್ಲಿ ಅದರ ಬದಲಿಗೆ ಎಂಜಿಬಿ ಬಂದಾಗ ಎಂಜಿನ್ನಿನ ಸಿಲಿಂಡರನ್ನು 73 ಮಿಲಿಮೀಟರಿನಿಂದ 80.26ಕ್ಕೆ ಅಗಲಿಸಿ 1798 ಸಿಸಿ ಮಾಡಿದರು. ಪಿಸ್ಟನ್ ಏರಿಳಿಯುವ ಉದ್ದ ಮಾತ್ರ ಅದೇ 88.9 ಮಿಲಿಮೀಟರ್. ಅಪ್ಪನ ಕಾರಿನಲ್ಲಿ ಕಕ್ಷಿದಾರರು, ತೆಂಗಿನಕಾಯಿ, ನಾವು ಆರು ಮಕ್ಕಳು ತುಂಬಿಕೊಂಡು ಅರಸೀಕೆರೆಗೆ ಹೋಗುತ್ತಿದ್ದ ಎಂಜಿನ್ನೂ, ಅಲ್ಲಿ 95 ಅಶ್ವಶಕ್ತಿಯಲ್ಲಿ ಗುಡುಗುತ್ತಿದ್ದ ಎಂಜಿನ್ನೂ ಒಂದೇ ಗೋತ್ರದವು.

ಎಣ್ಣೆ ಸೋರುವುದಕ್ಕೂ ಆ ಗೋತ್ರದಲ್ಲೇ ಕಾರಣವಿತ್ತು. ಮೊದಲ ಬಿ ಸೀರೀಸ್ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಹಿಂತುದಿಗೆ ರಬ್ಬರಿನ ಸೀಲೇ ಇರಲಿಲ್ಲ. ಅದರ ಬದಲು ಸ್ಕ್ರೂವಿನಂಥ ಒಂದು ಗೀರು. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ನಿಂತಾಗ ಯಾರೂ ಎಳೆಯುವವರಿಲ್ಲ. ಅಂದರೆ ಅಮ್ಮನ ರಂಗೋಲಿಯ ಮೇಲೆ ಕಾರು ನಿಂತ ಕ್ಷಣದಿಂದಲೇ ಅದರ ಕೆಲಸ ಶುರು. ಅಣ್ಣನದು 1971ರ ಕಾರು. ಆ ಹೊತ್ತಿಗೆ ಸೀಲ್ ಬಂದಿತ್ತು, ಆದರೆ ಇಪ್ಪತ್ತು ವರ್ಷಕ್ಕೆ ರಬ್ಬರು ಹಪ್ಪಳದ ಹಾಗಾಗುತ್ತದೆ. ಸೀಲಿನ ಬೆಲೆ ಅಲ್ಪ, ಅದನ್ನು ಹಾಕಲು ಎಂಜಿನ್ನನ್ನೇ ಹೊರಗೆ ಎತ್ತಬೇಕು. ಹಳೆಯ ಕಾರಿನ ರಿಪೇರಿಯ ಲೆಕ್ಕವೆಲ್ಲ ಹೀಗೆ ಎಂದು ಆಮೇಲೆ ನನಗೆ ತಿಳಿಯಿತು. ಸಾಮಾನಿನದು ಚಿಲ್ಲರೆ, ಕೈಕೂಲಿಯದೇ ನೋಟು.

ಇದೆಲ್ಲ ನನಗೆ ತಿಳಿದದ್ದು ಅಣ್ಣನಿಂದಲ್ಲ, ಅತ್ತಿಗೆಯ ಲೆಕ್ಕದ ಪುಸ್ತಕದಿಂದ. ಕೆಂಪು ಬಟ್ಟೆಯ ಹೊದಿಕೆಯ, ನಮ್ಮ ಕಡೆ ಜವಳಿ ಅಂಗಡಿಗಳಲ್ಲಿ ಇರುತ್ತಿದ್ದಂಥ ಉದ್ದನೆಯ ಪುಸ್ತಕ. ಮದುವೆಯಾಗಿ 1969ರಲ್ಲಿ ಹೋಗುವಾಗ ಕೊಂಡೊಯ್ದದ್ದು. ಮುಗಿದಂತೆಲ್ಲ ಊರಿನಿಂದ ತರಿಸುತ್ತಿದ್ದಳು. ಅದರಲ್ಲಿ ಹಾಲು, ಬ್ರೆಡ್ಡು, ಗ್ಯಾಸು, ಮಗನ ಬೂಟು, ಅದರ ಕೆಳಗೆ 'ಕಾರು'. ಮೊದಲ ನಮೂದು 1984ರದು: 'ಕೆಂಪು ಕಾರು, 1150 ಪೌಂಡ್'. ಪಕ್ಕದಲ್ಲಿ ಏನೂ ಬರೆದಿಲ್ಲ. ಬರೆಯದಿದ್ದುದನ್ನು ಅವಳೇ ಹೇಳಿದಳು. ಅಣ್ಣ ನಕ್ಷೆಗಾರನಾಗಿದ್ದ ಕಾರ್ಖಾನೆ ಆ ವರ್ಷ ಮುಚ್ಚಿತ್ತು. ಹತ್ತೊಂಬತ್ತು ವರ್ಷದ ಕೆಲಸಕ್ಕೆ ಕೊಟ್ಟ ಗಂಟಿನಲ್ಲಿ ಹಾಸನದಲ್ಲಿ ಒಂದು ನಿವೇಶನ ತೆಗೆದುಕೊಳ್ಳೋಣ ಎಂದು ಅವಳು ಅಂದುಕೊಂಡಿದ್ದಾಗ, ಅವನು ಒಂದು ಶನಿವಾರ ಈ ಕಾರನ್ನು ಓಡಿಸಿಕೊಂಡು ಬಂದ.

ನಲವತ್ನಾಲ್ಕು ವರ್ಷದ ಗಂಡಸು, ಕೆಲಸವಿಲ್ಲ, ಇಬ್ಬರೇ ಕೂರುವ ಕಾರು! ನನಗೆ ಅಣ್ಣನ ಮೇಲೆ ಸಿಟ್ಟು ಬಂತು. ಆದರೆ ಆ ಕಾರಿನ ಕಥೆಯೂ ಅಷ್ಟೇ ಬೇಸರದ್ದು ನೋಡಿ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನ ಒಂದು ಮಾರಾಟದಂಗಡಿ. ಅಲ್ಲಿ ಮ್ಯಾನೇಜರಾಗಿದ್ದ ಸೆಸಿಲ್ ಕಿಂಬರ್ ಎಂಬಾತ ಸಾಧಾರಣ ಮಾರಿಸ್ ಕಾರುಗಳಿಗೆ ಚೆಂದದ ಮೈಕಟ್ಟು ಕೊಟ್ಟು ಆ ಹೆಸರನ್ನು ಬೆಳೆಸಿದ. 1929ರಲ್ಲಿ ಅಬಿಂಗ್ಡನ್ನಿಗೆ ಕಾರ್ಖಾನೆ ಬಂತು. 1941ರಲ್ಲಿ ಅವನನ್ನೇ ಕೆಲಸದಿಂದ ತೆಗೆದರು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ನಡೆದ ರೈಲು ಅಪಘಾತದಲ್ಲಿ ತೀರಿಕೊಂಡ. ಜೀವಮಾನವಿಡೀ ಕಾರು ಕಟ್ಟಿದವನು ರೈಲಿನಲ್ಲಿ! ಎಂಜಿಬಿ 5 ಲಕ್ಷಕ್ಕೂ ಹೆಚ್ಚು ತಯಾರಾಗಿ, ಬಹುಪಾಲು ಅಮೆರಿಕಕ್ಕೆ ಹೋಗಿ ಮಾರಾಟವಾಗಿ, ಆದರೂ 1980ರ ಅಕ್ಟೋಬರಿನಲ್ಲಿ ಅಬಿಂಗ್ಡನ್ ಕಾರ್ಖಾನೆಗೆ ಬೀಗ ಬಿತ್ತು. ಅಣ್ಣ ತನ್ನ ಹಾಗೆಯೇ ಕೆಲಸ ಕಳೆದುಕೊಂಡವರು ಕಟ್ಟಿದ ಕಾರನ್ನು ಕೊಂಡಿದ್ದ. ಹಾಗೆಂದು ಅವನೇನೂ ಹೇಳಲಿಲ್ಲ. ಅವನು ಹೇಳುವ ಪೈಕಿಯಲ್ಲ.

ಅಂತೂ ಕಾರು ಬಂತು, ಅದರ ಹಿಂದೆಯೇ ಬಿಲ್ಲುಗಳು ಬಂದವು. ಪುಸ್ತಕದ ಮೊದಲ ವರ್ಷಗಳಲ್ಲಿ ಎಲ್ಲ ಸಣ್ಣಪುಟ್ಟವು. ಕ್ಲಚ್ಚಿನ ಸಿಲಿಂಡರಿಗೆ ರಬ್ಬರು. ಮುಂದಿನ ಚಕ್ರದ ಕಿಂಗ್‌ಪಿನ್ನುಗಳಿಗೆ ಗ್ರೀಸು. ಇದನ್ನು 3000 ಮೈಲಿಗೊಮ್ಮೆ ತುಂಬದಿದ್ದರೆ ಪಿನ್ನುಗಳೇ ಸವೆದು ದೊಡ್ಡ ಖರ್ಚು. ಕಡ್ಡಿಚಕ್ರಗಳ ನಡುವಿನ ಹಲ್ಲು ಸವೆದರೆ ಕಾರು ಹೊರಡುವಾಗ 'ಟಕ್' ಎನ್ನುತ್ತದೆ, ಆ 'ಟಕ್'ಗೆ ಎರಡು ಹಿಂದಿನ ಚಕ್ರ, ಎರಡು ಹಬ್ಬು. ಸೀಟಿನ ಹಿಂದೆ ನೆಲದಡಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿ, ಒಂದು ಈ ಬದಿ, ಒಂದು ಆ ಬದಿ. ಕಣ್ಣಿಗೆ ಬೀಳದ ಜಾಗ, ಆದ್ದರಿಂದ ಯಾರೂ ನೀರು ಹಾಕುವುದಿಲ್ಲ, ಸತ್ತಾಗಲೇ ನೆನಪಾಗುವುದು. (1974ರ ಕೊನೆಯ ಹೊತ್ತಿಗೆ ಕಂಪೆನಿಯವರೂ ಬುದ್ಧಿ ಕಲಿತು ಒಂದೇ 12 ವೋಲ್ಟಿನ ಬ್ಯಾಟರಿ ಇಟ್ಟರು.) ಅಲ್ಲೇ ಪಕ್ಕದಲ್ಲಿ ಪೆಟ್ರೋಲ್ ಪಂಪು. ವಿದ್ಯುತ್ತಿನಿಂದ ಓಡುವ ಆ ಪಂಪು ಕೀಲಿ ತಿರುಗಿಸಿದೊಡನೆ ಹಲ್ಲಿಯ ಹಾಗೆ ಲೊಚಗುಟ್ಟಬೇಕು. ಲೊಚಗುಟ್ಟದಿದ್ದರೆ ಒಳಗಿನ ಪಾಯಿಂಟು ಕಚ್ಚಿಕೊಂಡಿದೆ ಎಂದರ್ಥ, ಹಿಂದಿನ ಚಕ್ರದ ಬಳಿ ಬಗ್ಗಿ ಸುತ್ತಿಗೆಯ ಹಿಡಿಯಿಂದ ಒಂದು ಏಟು ಕೊಡಬೇಕು. ಈ ಕೆಲಸ ಅತ್ತಿಗೆಯದು. ಸೀರೆಯ ಮೇಲೆ ಅಣ್ಣನ ಹಳೆಯ ಕೋಟು ಹಾಕಿಕೊಂಡು, ಹನಿಮಳೆಯಲ್ಲಿ ರಸ್ತೆಬದಿ ಕುಕ್ಕರಗಾಲಿನಲ್ಲಿ ಕೂತು ಕಾರಿಗೆ ಹೊಡೆಯುತ್ತಿದ್ದ ಅವಳನ್ನು ನಾನೇ ಕಂಡಿದ್ದೇನೆ.

ದೀಪ, ವೈರಿನ ತಾಪತ್ರಯದ ಬಗ್ಗೆ ಆ ದೇಶದಲ್ಲಿ ನೂರು ನಗೆಹನಿಗಳಿವೆ. ಆ ಕಾಲದ ಬ್ರಿಟಿಷ್ ಕಾರುಗಳ ವಿದ್ಯುತ್ ಸಾಮಾನು ಬಹುಪಾಲು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪೆನಿಯದು. ಸೀಮೆಎಣ್ಣೆ, ದೀಪ ಮಾರಿ ಮೇಲೆ ಬಂದ ಜೋಸೆಫ್ ಲ್ಯೂಕಸ್ ಕಟ್ಟಿದ ಕಂಪೆನಿ ಅದು. ನಗೆಗಾರರು ಅವನಿಗೆ 'ಕತ್ತಲ ರಾಜಕುಮಾರ' ಎಂಬ ಬಿರುದು ಕೊಟ್ಟರು. ನಮ್ಮ ಊರುಗಳ ಆಟೋ ಎಲೆಕ್ಟ್ರಿಕಲ್ ಅಂಗಡಿಗಳ ಮೇಲೆ ಕಾಣುವ 'ಲ್ಯೂಕಸ್ ಟಿವಿಎಸ್' ಹೆಸರಿನಲ್ಲಿರುವುದೂ ಇದೇ ಲ್ಯೂಕಸ್. ಅಣ್ಣ ಮಾತ್ರ ಈ ನಗೆಗೆ ನಗುತ್ತಿರಲಿಲ್ಲ. ಹಳೆಯ ಕಾರಿನಲ್ಲಿ ದೀಪ ಮಿಣುಕಿದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ದೀಪದ್ದಲ್ಲ, ಅರ್ಥಿಂಗ್ ತಂತಿ ಮೈಗೆ ಸೇರುವ ಕಡೆ ಹಿಡಿದ ತುಕ್ಕಿನದು. ಮರಳುಕಾಗದ ತೆಗೆದು ಉಜ್ಜು ಎನ್ನುತ್ತಿದ್ದ. ಅದಕ್ಕೆ ಖರ್ಚೇ ಇಲ್ಲ.

ಖರ್ಚು ಇರುವುದು ತುಕ್ಕಿನದು.

ಎಂಜಿಎಗೆ ಕೆಳಗೊಂದು ಬೇರೆ ಚೌಕಟ್ಟು ಇತ್ತು, ಮಂಚದ ಮೇಲೆ ಹಾಸಿಗೆ ಹಾಸಿದ ಹಾಗೆ. ಎಂಜಿಬಿಗೆ ಮಂಚವಿಲ್ಲ. ತಗಡನ್ನೇ ಮಡಚಿ ಬೆಸೆದು ಮಾಡಿದ ಡಬ್ಬಿ ಅದು. ಡಬ್ಬಿಯ ಅಂಚುಗಳೇ ಅದರ ಬಲ. ಮೇಲೆ ಚಾವಣಿಯೂ ಇಲ್ಲದ್ದರಿಂದ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿಯೇ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡಬೇಕು. ಇಂಗ್ಲಿಷಿನಲ್ಲಿ ಅದಕ್ಕೆ 'ಸಿಲ್' ಎನ್ನುತ್ತಾರೆ. ಅತ್ತಿಗೆ ತನ್ನ ಪುಸ್ತಕದಲ್ಲಿ ಅದನ್ನು 'ಹೊಸ್ತಿಲು' ಎಂದೇ ಬರೆದಿದ್ದಾಳೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಿಸಲು ಉಪ್ಪು ಸುರಿಯುತ್ತಾರೆ. ಚಕ್ರ ಚಿಮ್ಮಿಸಿದ ಉಪ್ಪುನೀರು ಮುಂದಿನ ರೆಕ್ಕೆಯ ಹಿಂಬದಿಯಲ್ಲಿ ಕೆಸರಿನೊಡನೆ ನಿಂತು, ಹೊಸ್ತಿಲಿನೊಳಗೆ ಇಳಿದು, ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಮಿರಮಿರ ಮಿಂಚುತ್ತಿರುತ್ತದೆ.

ನಾನಿದ್ದ ಆ ಅಕ್ಟೋಬರಿನಲ್ಲಿ ವಾರ್ಷಿಕ ಪರೀಕ್ಷೆಗೆಂದು ಕಾರು ಹೋಯಿತು. ಪರೀಕ್ಷಕ ಸಣ್ಣ ಸುತ್ತಿಗೆಯಿಂದ ಹೊಸ್ತಿಲನ್ನು ತಟ್ಟುತ್ತಾ ಬಂದ. ಠಣ್, ಠಣ್, ಠಣ್, ಆಮೇಲೆ 'ಧಪ್'. ಹಿಂದೆ ಯಾರೋ ಕೊಳೆತ ತಗಡಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಕಾರು ನಪಾಸಾಯಿತು. ಈ ರಿಪೇರಿಯಲ್ಲಿ ಹೊರಗಿನ ಪದರ, ನಡುವಿನ ಪದರ, ಅಡಿಯ ಪಟ್ಟಿ ಮೂರನ್ನೂ ಕತ್ತರಿಸಿ ಹೊಸದು ಬೆಸೆಯಬೇಕು. ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿಯದಿದ್ದರೆ ಕಾರು ನಡು ಮುರಿದುಕೊಂಡು ಕುಸಿಯುತ್ತದೆ. ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಹಳೆಯ ಎಂಜಿಬಿ ಕೊಳ್ಳುವವರು ಇವತ್ತಿಗೂ ಮೊದಲು ನೋಡುವುದು ಬಾಗಿಲ ಸುತ್ತಲಿನ ಸಂದು ಒಂದೇ ಸಮವಾಗಿದೆಯೇ ಎಂದು.

ಎರಡೂ ಬದಿಗೆ 940 ಪೌಂಡ್ ಎಂದರು. ಅಣ್ಣನಿಗೆ ಆಗ ಅರೆಕಾಲಿಕ ಕೆಲಸ. ಅತ್ತಿಗೆ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಬಟಾಣಿ ಬೇಯಿಸಿ ಎರಡು ವರ್ಷದಲ್ಲಿ ಕೂಡಿಟ್ಟ ಹಣ ಸುಮಾರು ಅಷ್ಟೇ ಇತ್ತು. ಅದು ಅವಳ ವಿಮಾನದ ಟಿಕೆಟ್ಟಿಗೆ. ಸಕಲೇಶಪುರದಲ್ಲಿ ಅವಳ ಅಮ್ಮ ಹಾಸಿಗೆ ಹಿಡಿದಿದ್ದರು. ಡಿಸೆಂಬರಿನಲ್ಲಿ ನಮ್ಮ ಜೊತೆಯಲ್ಲೇ ಬರುವುದೆಂದು ಮಾತಾಗಿತ್ತು.

ಆ ರಾತ್ರಿ ಆ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಅಣ್ಣ "ಮಾರಿಬಿಡುತ್ತೇನೆ" ಎಂದ. ಹೊಸ್ತಿಲು ಕೊಳೆತ ಕಾರಿಗೆ 200 ಪೌಂಡೂ ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಅತ್ತಿಗೆ ಸಾರಿನ ಪಾತ್ರೆ ಎತ್ತಿಡುತ್ತಾ, "ಏಪ್ರಿಲ್‌ನಲ್ಲಿ ಹೋದರಾಯಿತು, ಆಗ ಟಿಕೆಟ್ಟೂ ಅಗ್ಗ" ಎಂದಳು. ನಾನು ಬಾಯಿ ಬಿಡಬಹುದಿತ್ತು. ನಮ್ಮವರನ್ನು ಕೇಳಿ ಸಾಲವಾದರೂ ಕೊಡಿಸಬಹುದಿತ್ತು. ಬಂದ ನೆಂಟಳು, ಅವರ ಮನೆಯ ವಿಷಯ ಎಂದು ಸುಮ್ಮನಿದ್ದೆ. ಪುಸ್ತಕದಲ್ಲಿ ನವೆಂಬರ್ 8ರಂದು 'ಹೊಸ್ತಿಲು, ಎರಡೂ ಕಡೆ, 940'. ಅವಳ ಅಮ್ಮ 1992ರ ಮಾರ್ಚಿನಲ್ಲಿ ಹೋದರು.

ಆಮೇಲೆ ಮೂವತ್ತು ವರ್ಷ ನಾನು ಆ ಕಡೆ ಹೋಗಲಿಲ್ಲ. ಅಣ್ಣ ಮೂರು ಸಲ ಬಂದ, ಅತ್ತಿಗೆ ಒಂದೇ ಸಲ. 2016ರಲ್ಲಿ ಅಣ್ಣ ತೀರಿಕೊಂಡ. ಕಾರನ್ನು ಮಾರಿರಬೇಕೆಂದೇ ನಾನು ತಿಳಿದಿದ್ದೆ. 2022ರ ಮೇ ತಿಂಗಳಲ್ಲಿ ಮಗನ ಜೊತೆ ಹೋದಾಗ, ಗ್ಯಾರೇಜಿನ ಬಾಗಿಲೆತ್ತಿದವಳು ಅತ್ತಿಗೆ. ಅದೇ ಕೆಂಪು, ಅದೇ ಟ್ರೇ. ಪುಸ್ತಕ ಮಾತ್ರ ಐದನೆಯದು.

ಮಧ್ಯದ ವರ್ಷಗಳನ್ನು ನಾನು ಆ ಪುಸ್ತಕಗಳಲ್ಲೇ ಓದಿದೆ. 1999ರಲ್ಲಿ ಸಿಲಿಂಡರ್ ಹೆಡ್, 310 ಪೌಂಡ್. ಯಾಕೆಂದರೆ 2000ದ ಜನವರಿ 1ರಿಂದ ಬ್ರಿಟನ್ನಿನಲ್ಲಿ ಸೀಸದ ಪೆಟ್ರೋಲ್ ಮಾರುವುದು ನಿಂತಿತು. ಅದರ ಮುಂದಿನ ತಿಂಗಳು ನಮ್ಮ ದೇಶದಲ್ಲೂ. ಹಳೆಯ ಎಂಜಿನ್ನುಗಳ ಎಕ್ಸಾಸ್ಟ್ ವಾಲ್ವು ಕೂರುವ ಪೀಠಕ್ಕೆ ಪೆಟ್ರೋಲಿನ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ ಪೀಠ ಸವೆದು ವಾಲ್ವು ಹೆಡ್ಡಿನೊಳಗೆ ಹೂತುಹೋಗುತ್ತದೆ. ಗಟ್ಟಿ ಉಕ್ಕಿನ ಪೀಠ ಕೂರಿಸಿದರೆ ಪಾರು. ನಮ್ಮ ದೇಶದ ಹಳೆಯ ಅಂಬಾಸಿಡರುಗಳಿಗೂ ಇದೇ ಗಂಡಾಂತರ ಬಂದಿತ್ತು, ಯಾರೂ ಹೆಚ್ಚು ಮಾತಾಡಲಿಲ್ಲ ಅಷ್ಟೆ. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಧಾರಣ ಪೆಟ್ರೋಲಿಗೆ ಶೇಕಡಾ 10ರವರೆಗೆ ಎಥನಾಲ್ ಬೆರೆಸುತ್ತಾರೆ. ಅದು ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಆ ವರ್ಷದ ಪುಟದಲ್ಲಿ 'ರಬ್ಬರ್ ಪೈಪು ಎಲ್ಲ ಹೊಸದು' ಎಂದಿದೆ, ಅತ್ತಿಗೆಯ ಕೈಬರಹ ಸ್ವಲ್ಪ ನಡುಗಿದೆ.

ಒಂದು ಅನುಕೂಲವೆಂದರೆ ಸಾಮಾನು ಸಿಗದೆಂಬ ಮಾತಿಲ್ಲ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜಿನವರು ಹಳೆಯ ಕಾರ್ಖಾನೆಯ ಅಚ್ಚುಗಳನ್ನು ಹುಡುಕಿ ತೆಗೆದು ಎಂಜಿಬಿಯ ಇಡೀ ದೇಹವನ್ನೇ ಹೊಸದಾಗಿ ಒತ್ತತೊಡಗಿದರು. ಸತ್ತ ಕಾರಿಗೆ ಹೊಸ ದೇಹ! 40 ವರ್ಷ ದಾಟಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆಯಿಲ್ಲ. 2018ರಿಂದ ವಾರ್ಷಿಕ ಪರೀಕ್ಷೆಯೂ ಕಡ್ಡಾಯವಲ್ಲ. ಅತ್ತಿಗೆ ಆದರೂ ವರ್ಷಕ್ಕೊಮ್ಮೆ ಒಯ್ದು ತಟ್ಟಿಸಿ ಬರುತ್ತಾಳೆ. ಅಂಬಾಸಿಡರಿಗೆ ಆ ಭಾಗ್ಯವಿಲ್ಲ. 2014ರಲ್ಲಿ ಉತ್ತರಪಾರಾದಲ್ಲಿ ಕೆಲಸ ನಿಂತಿತು. ಎಂಜಿ ಎಂಬ ಹೆಸರು ಚೀನಾದವರ ಕೈಸೇರಿ 2019ರಲ್ಲಿ ಗುಜರಾತಿನ ಹಾಲೋಲ್‌ಗೆ ಬಂದು, ಈಗ ನಮ್ಮ ರಸ್ತೆಗಳಲ್ಲೂ ಓಡಾಡುತ್ತಿದೆ. ಅದಕ್ಕೂ ಇದಕ್ಕೂ ಹೆಸರಿನದಷ್ಟೇ ನಂಟು.

ಒಂದು ಬೆಳಿಗ್ಗೆ ಅತ್ತಿಗೆ ಬಾನೆಟ್ಟು ಎತ್ತಿದಳು. ಎಂಜಿನ್ನಿನ ಪಕ್ಕದಲ್ಲಿ ಗಿಂಡಿಯಾಕಾರದ ಎರಡು ಕಾರ್ಬುರೇಟರು. ನಮ್ಮ ಅಂಬಾಸಿಡರಿನಲ್ಲೂ ಇದೇ ಎಸ್‌ಯು ಜಾತಿಯದು ಒಂದಿತ್ತು. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಲಂಡನ್ನಿನಲ್ಲಿ ಚಪ್ಪಲಿ, ಬೂಟುಗಳ ವ್ಯಾಪಾರದ ಸ್ಕಿನ್ನರ್ ಮನೆತನದ ಅಣ್ಣತಮ್ಮಂದಿರು 1904ರ ಸುಮಾರಿಗೆ ಇದನ್ನು ಕಂಡುಹಿಡಿದದ್ದು. ಎಂಜಿನ್ ಗಾಳಿ ಎಳೆದಷ್ಟೂ ಒಳಗಿನ ತಿದಿ ಮೇಲೇಳಬೇಕು, ಅದರೊಡನೆ ಒಂದು ಚೂಪು ಸೂಜಿ ಎದ್ದು ಅಷ್ಟೇ ಪೆಟ್ರೋಲ್ ಬಿಡಬೇಕು. ಮೊದಮೊದಲು ಆ ತಿದಿ ತೊಗಲಿನದು. ಹಿರಿಯ ಸ್ಕಿನ್ನರನ ಮಗ, ಆ ತಿದಿಗಳನ್ನು ತನ್ನ ತಾಯಿ ಕೂತು ಹೊಲಿಯುತ್ತಿದ್ದುದನ್ನು ನೆನಪಿಟ್ಟುಕೊಂಡಿದ್ದನಂತೆ. ಕಾರ್ಬುರೇಟರಿನ ಮೇಲಿರುವುದು ಮನೆತನದ ಹೆಸರು. ಹೊಲಿಗೆ ಹಾಕಿದವಳದು ಒಂದು ನೆನಪು. ಕಿರಿಯ ಸ್ಕಿನ್ನರನ ಮಗಳು ಬಾರ್ಬರಾ 1930ರ ದಶಕದಲ್ಲಿ ಶೆಲ್ಸ್‌ಲಿ ವಾಲ್ಷ್ ಗುಡ್ಡದ ಪಂದ್ಯಗಳಲ್ಲಿ ಪುಟ್ಟ ಮಾರಿಸ್ ಕಾರು ಓಡಿಸಿದಳೆಂದೂ ಓದಿದ್ದೇನೆ.

ಎರಡು ಕಾರ್ಬುರೇಟರೂ ಒಂದೇ ಸಮ ಉಸಿರೆಳೆಯಬೇಕು. ಇಲ್ಲದಿದ್ದರೆ ಎಂಜಿನ್ ಕುಂಟುತ್ತದೆ. ಗ್ಯಾರೇಜಿನವರು ಅದಕ್ಕೊಂದು ಮೀಟರು ಹಿಡಿದು ಗಂಟೆಯ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ. ಅಣ್ಣ ಒಂದು ರಬ್ಬರು ಕೊಳವೆಯ ತುದಿಯನ್ನು ಕಾರ್ಬುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಇಟ್ಟುಕೊಂಡು 'ಹಿಸ್ಸ್' ಎಂಬ ಸದ್ದು ಅಳೆಯುತ್ತಿದ್ದ. ಅವನಿಗೆ ಅದು ಎಂದೂ ಸರಿಯಾಗಿ ಕೂರಲಿಲ್ಲವಂತೆ. ಅತ್ತಿಗೆ ಮದುವೆಗೆ ಮುಂಚೆ ಎಂಟು ವರ್ಷ ಸಂಗೀತ ಕಲಿತವಳು, ತಂಬೂರಿ ಶ್ರುತಿ ಮಾಡುವುದರಲ್ಲಿ ಗಟ್ಟಿಗಳು. 1993ರಲ್ಲಿ ಒಂದು ದಿನ ಅವನ ಕೈಯಿಂದ ಕೊಳವೆ ಕಿತ್ತುಕೊಂಡಳು. ಅಂದಿನಿಂದ ಪುಸ್ತಕದಲ್ಲಿ ಕಾರ್ಬುರೇಟರಿನ ಖರ್ಚು ನಿಂತಿದೆ.

ಮೇಲಿನ ಪುಟ್ಟ ಬಿರಡೆಗಳನ್ನು ತೆಗೆದು ಒಳಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಿದ್ದ ಅವಳನ್ನು ನಾನು ಕೇಳಿಯೇಬಿಟ್ಟೆ. "ಅತ್ತಿಗೆ, ಇದನ್ನು ಯಾಕೆ ಇಟ್ಟುಕೊಂಡಿದ್ದೀಯ? ಒಟ್ಟು ಎಷ್ಟಾಯಿತು ಇದಕ್ಕೆ?"

"ಹನ್ನೊಂದು ಸಾವಿರದ ಮುನ್ನೂರ ಎಂಬತ್ತೆರಡು" ಎಂದಳು, ಪುಸ್ತಕ ನೋಡದೆ. ಆಮೇಲೆ ಬಿರಡೆ ತಿರುಗಿಸುತ್ತಾ, "ನಮ್ಮಮ್ಮನ ಹತ್ತಿರ ಹೋಗುವ ದುಡ್ಡು ಇದರ ಹೊಸ್ತಿಲಲ್ಲಿದೆಯಲ್ಲೇ. ಯಾರಿಗೋ ಹೇಗೆ ಕೊಟ್ಟುಬಿಡಲಿ?"

ನಾನು ಆಗಲೂ ಏನೂ ಹೇಳಲಿಲ್ಲ. ಕೀಲಿ ತಿರುಗಿಸು ಎಂದಳು. ತಿರುಗಿಸಿದೆ. ಪಂಪು ಲೊಚಗುಟ್ಟಲಿಲ್ಲ. ಅವಳು ಗೋಡೆಗೆ ಒರಗಿಸಿದ್ದ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, "ನನಗೀಗ ಮಂಡಿ ಬಗ್ಗುವುದಿಲ್ಲ. ಬಲಗಡೆ ಹಿಂದಿನ ಚಕ್ರದ ಹತ್ತಿರ, ಮೆಲ್ಲಗೆ" ಎಂದಳು.

ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ಎರಡನೇ ಏಟಿಗೆ ಲೊಚಗುಟ್ಟಿತು.